ವಜ್ರದೋಲೆ ಕೊಳ್ಳುವ ಮುನ್ನ ಬೆಳಕಿನ ಪಾಠ

ಮಗಳ ಮದುವೆ ನಿಶ್ಚಯವಾದ ಮನೆಯಲ್ಲಿ ಛತ್ರದ ಮಾತು ಮುಗಿಯುತ್ತಿದ್ದಂತೆ ಒಡವೆಯ ಮಾತು ಏಳುತ್ತದೆ. ಅಜ್ಜಿಯಂದಿರು ಏಳು ಕಲ್ಲಿನ ಬೆಂಡೋಲೆಗೆ ಆಸೆಪಟ್ಟಿದ್ದರೆ, ಮೊಮ್ಮಕ್ಕಳಿಗೆ ಬೇಕಾಗಿರುವುದು ಒಂಟಿ ವಜ್ರದ ಓಲೆ. ಅಂಗಡಿಯ ಭಾಷೆಯಲ್ಲಿ ‘ಸಾಲಿಟೇರ್’. ತಂದೆತಾಯಿ ವರ್ಷಗಟ್ಟಲೆ ಕೂಡಿಟ್ಟ ಹಣ ಅರ್ಧ ಗಂಟೆಯಲ್ಲಿ ಕೈಬಿಡುವ ವ್ಯಾಪಾರವಿದು. ಆಗ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಎಷ್ಟು ಕ್ಯಾರಟ್?’ ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಕಲ್ಲು ತನ್ನೊಳಗೆ ಬಂದ ಬೆಳಕನ್ನು ಎಷ್ಟರಮಟ್ಟಿಗೆ ಹಿಂದಿರುಗಿಸುತ್ತದೆ ಎಂಬುದು. ಅದಕ್ಕೆ ಉತ್ತರ ಮಕ್ಕಳ ವಿಜ್ಞಾನ ಪುಸ್ತಕದಲ್ಲೇ ಇದೆ.

ಕ್ಯಾರಟ್ ಲೆಕ್ಕ

ಚಿನ್ನದ ಕ್ಯಾರಟ್ ಶುದ್ಧತೆಯ ಅಳತೆ. 18 ಕ್ಯಾರಟ್ ಎಂದರೆ 24 ಭಾಗದಲ್ಲಿ 18 ಭಾಗ ಚಿನ್ನ. ವಜ್ರದ ಕ್ಯಾರಟ್ ತೂಕದ ಅಳತೆ. ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ. ಐದು ಕ್ಯಾರಟ್‌ಗೆ ಒಂದು ಗ್ರಾಂ.

ಒಂದು ಕ್ಯಾರಟ್‌ನ ದುಂಡು ವಜ್ರದ ಮುಖ ಸುಮಾರು 6.5 ಮಿಲಿಮೀಟರ್ ಅಗಲ. ಅರ್ಧ ಕ್ಯಾರಟ್‌ನದು ಎಷ್ಟಿರಬೇಕು? 3.25 ಎನ್ನುವವರೇ ಹೆಚ್ಚು. ಆದರೆ ತೂಕವು ಅಗಲದ ಘನವನ್ನು ಅವಲಂಬಿಸಿದೆ. ಆದ್ದರಿಂದ 6.5ನ್ನು ಎರಡರ ಘನಮೂಲವಾದ 1.26ರಿಂದ ಭಾಗಿಸಬೇಕು, ಬರುವುದು ಸುಮಾರು 5.2 ಮಿಲಿಮೀಟರ್. ತೂಕ ಅರ್ಧವಾದರೂ ಅಗಲದಲ್ಲಿ ಕಡಿಮೆಯಾದದ್ದು ಐದರಲ್ಲಿ ಒಂದು ಪಾಲು ಮಾತ್ರ. ಬೆಲೆಯ ದಾರಿ ಬೇರೆ. ದೊಡ್ಡ ಕಲ್ಲು ಅಪರೂಪವಾದ್ದರಿಂದ ಅದಕ್ಕೆ ಕ್ಯಾರಟ್ಟಿನ ದರವೇ ಹೆಚ್ಚು. ಹೀಗಾಗಿ ಇಮ್ಮಡಿ ತೂಕದ ಕಲ್ಲಿಗೆ ಇಮ್ಮಡಿಗಿಂತ ಹೆಚ್ಚು ಹಣ ತೆರಬೇಕಾಗುತ್ತದೆ. ಓಲೆಯ ಚೀಟಿಯಲ್ಲಿರುವ ತೂಕ ಒಂದು ಕಲ್ಲಿನದೋ, ಜೊತೆಯದೋ ಎಂಬುದನ್ನೂ ಕೇಳಿ ತಿಳಿಯಬೇಕು.

ಹೊಳಪಿನ ಗುಟ್ಟು

ವಜ್ರದ ವಕ್ರೀಭವನ ಸೂಚ್ಯಂಕ 2.42, ಸಾಮಾನ್ಯ ಗಾಜಿನದು ಸುಮಾರು 1.5. ಇದರಿಂದ ವಜ್ರದ ಕ್ರಾಂತಿಕ ಕೋನ ಸುಮಾರು 24 ಡಿಗ್ರಿಗೆ ಇಳಿಯುತ್ತದೆ, ಗಾಜಿನದು 42ರಷ್ಟಿದೆ. ಒಳಗೆ ಬಂದ ಕಿರಣ ಈ ಕೋನಕ್ಕಿಂತ ಹೆಚ್ಚಿನ ಓರೆಯಲ್ಲಿ ಗೋಡೆಗೆ ತಾಗಿದರೆ ಹೊರಹೋಗದೆ ಪೂರ್ಣವಾಗಿ ಪ್ರತಿಫಲಿಸುತ್ತದೆ. ನೀರು ತುಂಬಿದ ಗಾಜಿನ ಲೋಟವನ್ನು ಕಣ್ಣಿಗಿಂತ ಮೇಲೆ ಹಿಡಿದು, ಪಕ್ಕದಿಂದ ಓರೆಯಾಗಿ ನೀರಿನ ಮೇಲ್ಮೈಯನ್ನು ಕೆಳಗಿನಿಂದ ನೋಡಿದರೆ ಅದು ಬೆಳ್ಳಿ ತಗಡಿನಂತೆ ಹೊಳೆಯುತ್ತದೆ. ಅದೂ ಇದೇ ಪ್ರತಿಫಲನ.

ಆದರೆ ವಜ್ರದ ಮುಖಗಳನ್ನು ಸರಿಯಾದ ಕೋನಕ್ಕೆ ಸಾಣೆ ಹಿಡಿದಿದ್ದರೆ ಮಾತ್ರ ಬೆಳಕು ಕೆಳಗೆ ಸೋರದೆ ಮೇಲಕ್ಕೆ ಮರಳುತ್ತದೆ. ಮಾರ್ಸೆಲ್ ಟೋಲ್ಕೋವ್ಸ್ಕಿ 1919ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಕೋನಗಳನ್ನು ಗಣಿತದಿಂದ ಲೆಕ್ಕಹಾಕಿದರು. ಕಲ್ಲಿನ ಕೆಳಭಾಗಕ್ಕೆ ಅವರು ಹೇಳಿದ್ದು 40.75 ಡಿಗ್ರಿ. ಕಲ್ಲು ತೀರ ಚಪ್ಪಟೆಯಾದರೆ ಅಗಲವಾಗಿ ಕಾಣುತ್ತದೆ, ಬೆಳಕು ಸೋರುತ್ತದೆ. ತೀರ ಆಳವಾದರೆ ತೂಕವೆಲ್ಲ ಬುಡದಲ್ಲಿ ಅಡಗಿರುತ್ತದೆ, ಆಗಲೂ ಬೆಳಕು ಸೋರುತ್ತದೆ.

ಕೊಹಿನೂರಿನ ಕಥೆಯೂ ಇದೇ. 1851ರ ಲಂಡನ್ ಪ್ರದರ್ಶನದಲ್ಲಿ ಅದನ್ನು ನೋಡಿದವರು ಹೊಳಪಿಲ್ಲವೆಂದು ನಿರಾಶರಾದರು. ಮರುವರ್ಷ ಅದನ್ನು ಮತ್ತೆ ಸಾಣೆ ಹಿಡಿದಾಗ ಸುಮಾರು 186 ಕ್ಯಾರಟ್ ಇದ್ದದ್ದು 105.6ಕ್ಕೆ ಇಳಿಯಿತು. ರಾಜಮನೆತನವೇ ಬೆಳಕಿಗಾಗಿ ಅಷ್ಟು ತೂಕವನ್ನು ಬಿಟ್ಟುಕೊಟ್ಟಿತು.

ಕಿವಿಯೋಲೆಯ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ. ಕಿವಿಯ ಕಲ್ಲನ್ನು ಯಾರೂ ಭೂತಗನ್ನಡಿ ಹಿಡಿದು ನೋಡುವುದಿಲ್ಲ. ಒಂದೆರಡು ಮಾರು ದೂರದಿಂದ ನೋಡುತ್ತಾರೆ. ಆದ್ದರಿಂದ ಬರಿಗಣ್ಣಿಗೆ ಕಾಣದ ಚುಕ್ಕೆ, ಅತಿ ನಸುವಾದ ಹಳದಿ ಛಾಯೆ ಇದ್ದರೂ ಅಡ್ಡಿಯಿಲ್ಲ. ಹಳದಿ ಚಿನ್ನದಲ್ಲಿ ಕೂರಿಸಿದರೆ ಆ ಛಾಯೆ ಗೊತ್ತೂ ಆಗದು. ಹೀಗೆ ಉಳಿದ ಹಣವನ್ನು ಒಳ್ಳೆಯ ಸಾಣೆಗೆ ಕೊಡುವುದು ಜಾಣತನ. ಎರಡೂ ಕಲ್ಲುಗಳು ಒಂದನ್ನೊಂದು ಹೋಲಬೇಕೆಂಬುದನ್ನು ಮಾತ್ರ ಮರೆಯಬಾರದು.

ಕೂರಿಸುವ ರೀತಿ

ಹಳೆಯ ಓಲೆಗಳಲ್ಲಿ ಕಲ್ಲಿನ ಹಿಂಭಾಗವನ್ನು ಚಿನ್ನದಿಂದ ಮುಚ್ಚಿ, ಅಡಿಯಲ್ಲಿ ಹೊಳೆಯುವ ತಗಡು ಇಡುವ ಪದ್ಧತಿಯಿತ್ತು. ಆಗಿನ ಸಾಣೆಯಲ್ಲಿ ಕೆಳಗೆ ಸೋರಿದ ಬೆಳಕನ್ನು ಆ ತಗಡು ಹಿಂದಿರುಗಿಸುತ್ತಿತ್ತು. ಒಳಗೆ ನೀರು ಇಳಿದರೆ ತಗಡು ಕಪ್ಪಾಗಿ ಕಲ್ಲೂ ಮಂಕಾಗುತ್ತದೆ. ಚೆನ್ನಾಗಿ ಸಾಣೆ ಹಿಡಿದ ಇಂದಿನ ಕಲ್ಲಿಗೆ ಹಿಂಭಾಗ ತೆರೆದ ಕಟ್ಟು ಸಾಕು, ಒರೆಸುವುದೂ ಸುಲಭ.

ಈ ಒರೆಸುವ ಕೆಲಸ ಸಣ್ಣದಲ್ಲ. ವಜ್ರಕ್ಕೆ ನೀರು ಒಗ್ಗುವುದಿಲ್ಲ, ಜಿಡ್ಡು ಬೇಗ ಅಂಟುತ್ತದೆ. ದಕ್ಷಿಣ ಆಫ್ರಿಕದ ಗಣಿಗಳಲ್ಲಿ ಗ್ರೀಸ್ ಬಳಿದ ಹಲಗೆಯ ಮೇಲೆ ಪುಡಿಗಲ್ಲನ್ನು ನೀರಿನೊಡನೆ ಹರಿಸಿ ವಜ್ರವನ್ನು ಬೇರ್ಪಡಿಸುತ್ತಿದ್ದುದು ಈ ಗುಣದಿಂದಲೇ. ನಮ್ಮಲ್ಲಿ ಕಿವಿಯ ಪಕ್ಕದಲ್ಲೇ ಕೊಬ್ಬರಿ ಎಣ್ಣೆ ಹಚ್ಚಿದ ಕೂದಲಿದೆ! ಎಣ್ಣೆ ಅಂಟಿದ ಕಡೆ ಕ್ರಾಂತಿಕ ಕೋನ 24ರಿಂದ ಸುಮಾರು 37 ಡಿಗ್ರಿಗೆ ಏರಿ, ಬೆಳಕು ಸೋರತೊಡಗುತ್ತದೆ. ಉಗುರುಬೆಚ್ಚನೆಯ ಸೋಪಿನ ನೀರು, ಮೆತ್ತನೆಯ ಬ್ರಷ್ಷು ಇಷ್ಟರಿಂದಲೇ ಹೊಳಪು ಮರಳುತ್ತದೆ. ಮುಚ್ಚಿದ ಕಟ್ಟಿನ ಹಳೆಯ ಓಲೆಯನ್ನು ಮಾತ್ರ ನೀರಿನಲ್ಲಿ ಅದ್ದಬಾರದು.

ನಾಲ್ಕು ಕೊಕ್ಕೆಯ ಕಟ್ಟಿನಲ್ಲಿ ಕಲ್ಲು ಹೆಚ್ಚು ಕಾಣುತ್ತದೆ. ಆರು ಕೊಕ್ಕೆಯದು ಹೆಚ್ಚು ಭದ್ರ. ದಿನವೂ ಕಾಲೇಜಿಗೋ ಕೆಲಸಕ್ಕೋ ಹೋಗುವ ಹುಡುಗಿಗೆ ಸುತ್ತಲೂ ಚಿನ್ನದ ಪಟ್ಟಿ ಇರುವ ಕಟ್ಟು ಒಳ್ಳೆಯದು, ದುಪಟ್ಟಾಕ್ಕೆ ಸಿಕ್ಕಿಕೊಳ್ಳದು. ಕಲ್ಲು ಕಿವಿಯಿಂದ ಮುಂದಕ್ಕೆ ಚಾಚಿದಷ್ಟೂ ಸನ್ನೆಕೋಲಿನ ನಿಯಮದಂತೆ ಓಲೆ ಬಾಗಿ ನೆಲ ನೋಡುತ್ತದೆ, ತೂತೂ ಹಿಗ್ಗುತ್ತದೆ. ಕಿವಿಗೆ ಒರಗಿ ಕೂರುವ ಕಟ್ಟು, ಹಿಂದೆ ಅಗಲವಾದ ತಿರುಪು ಇದಕ್ಕೆ ಪರಿಹಾರ.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೂ ಇಂಗಾಲವೇ. ಗಡಸುತನ, ಹೊಳಪು ಎರಡರಲ್ಲೂ ಗಣಿಯದಕ್ಕೆ ಸಮ, ಬೆಲೆ ಮಾತ್ರ ಬಹಳ ಕಡಿಮೆ. ಯಾವುದನ್ನು ಕೊಂಡರೂ ಅದು ಯಾವುದೆಂದು ಬಿಲ್ಲಿನಲ್ಲಿ ಬರೆಸಬೇಕು. ಕಲ್ಲಿಗೆ ಪ್ರಮಾಣಪತ್ರ, ಚಿನ್ನಕ್ಕೆ ಹಾಲ್‌ಮಾರ್ಕ್ ಇರಬೇಕು. ಅಂಗಡಿಯ ಪ್ರಖರ ದೀಪದಡಿ ಎಲ್ಲ ಕಲ್ಲೂ ಮಿನುಗುತ್ತದೆ. ಬಾಗಿಲ ಬಳಿಯ ಹಗಲು ಬೆಳಕಿನಲ್ಲೂ ನೋಡಬೇಕು. ಹೋಗುವಾಗ ಮನೆಯ ವಿದ್ಯಾರ್ಥಿಯನ್ನೂ ಕರೆದೊಯ್ದರೆ ಒಳ್ಳೆಯದು. ಘನಮೂಲದ ಲೆಕ್ಕ ಹಾಕಲು ಒಬ್ಬರು ಬೇಕಲ್ಲ!