ಎಲ್ಲ ರಕ್ತಕ್ಕೂ ‘ಮೂಲವ್ಯಾಧಿ’ ಅಂತ ಹೆಸರಿಡಬೇಡಿ

ನನ್ನ ಚಾಚಾನ ಮಗನಿಗೆ 19 ವರ್ಷ. ಮಲದ ಜೊತೆ ರಕ್ತ ಹೋಗುತ್ತಿದೆ ಎಂದು ಅವನು ಮನೆಯಲ್ಲಿ ಬಾಯಿ ಬಿಟ್ಟದ್ದು ಏಳು ತಿಂಗಳಾದ ಮೇಲೆ. ಅಷ್ಟೊತ್ತಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ದಾದಿ “ಗರ್ಮಿ ಆಗೈತಿ ಬೇಟಾ, ಮಜ್ಜಿಗಿ ಕುಡಿ” ಎಂದರು. ಗೆಳೆಯರಿಗೆ ಮಾತ್ರ ಅವನು ಮೊದಲೇ ಹೇಳಿದ್ದ. ಅವರು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ್ದ ನಂಬರಿಗೆ ಫೋನ್ ಮಾಡಿಸಿ ಪುಡಿ ತರಿಸಿಕೊಟ್ಟಿದ್ದರು. ರೊಕ್ಕ ಹೋಯಿತು, ರಕ್ತ ನಿಲ್ಲಲಿಲ್ಲ. ಬೆಳಗಾವಿಯಲ್ಲಿ ಕ್ಯಾಮೆರಾ ಇರುವ ನಳಿಗೆ ಹಾಕಿ ನೋಡಿದಾಗ ಅದು ಮೂಲವ್ಯಾಧಿಯೇ ಅಲ್ಲ ಎಂದು ತಿಳಿಯಿತು. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣು, ಅಲ್ಸರೇಟಿವ್ ಕೊಲೈಟಿಸ್. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಗಂಡಸರಿಗೆ 13ಕ್ಕಿಂತ ಕಡಿಮೆಯಾದರೇ ರಕ್ತಹೀನತೆ ಎನ್ನುತ್ತಾರೆ.

ಈ ಕಾಯಿಲೆ ಹೆಚ್ಚಾಗಿ ಶುರುವಾಗುವುದೇ 15ರಿಂದ 30ರ ವಯಸ್ಸಿನಲ್ಲಿ, ಅಂದರೆ ನಮ್ಮ ವಯಸ್ಸಿನಲ್ಲಿ.

ಹೆದರಿಸಲು ಬರೆಯುತ್ತಿಲ್ಲ. ನಮ್ಮ ವಯಸ್ಸಿನವರಲ್ಲಿ ರಕ್ತ ಕಂಡರೆ ಬಹಳ ಸಲ ಅದು ಸಣ್ಣ ಕಾರಣಕ್ಕೇ. ಮಲ ಗಟ್ಟಿಯಾಗಿ ಗುದದ್ವಾರದ ಚರ್ಮ ಸೀಳಿದರೆ ಬ್ಲೇಡಿನಿಂದ ಕೊಯ್ದ ಹಾಗೆ ನೋವು, ಒಂದೆರಡು ಹನಿ ಕೆಂಪು ರಕ್ತ. ಇದು ಫಿಶರ್. ನೋವಿಲ್ಲದೆ ಮಲದ ಕೊನೆಗೆ ಹನಿ ಹನಿ ಬಿದ್ದರೆ ಹೆಚ್ಚಾಗಿ ಮೂಲವ್ಯಾಧಿ. ಜ್ವರ, ಹೊಟ್ಟೆನೋವು, ಸಿಂಬಳದಂಥ ಲೋಳೆಯೊಂದಿಗೆ ಬಂದರೆ ಕೆಟ್ಟ ನೀರಿನಿಂದಾದ ರಕ್ತಭೇದಿ ಇರಬಹುದು. ಕರುಳಿನಲ್ಲಿ ಬೆಳೆದ ಪಾಲಿಪ್‌ನಿಂದಲೂ ರಕ್ತ ಬರುತ್ತದೆ. ಕ್ಯಾನ್ಸರ್ ನಮ್ಮ ವಯಸ್ಸಿಗೆ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. (ಬೀಟ್‌ರೂಟ್ ತಿಂದ ಮರುದಿನ ಕೆಂಪಾದರೆ, ಕಬ್ಬಿಣಾಂಶದ ಮಾತ್ರೆ ನುಂಗಿ ಕಪ್ಪಾದರೆ ಗಾಬರಿ ಬೇಡ. ಮಾತ್ರೆ ನುಂಗದೆಯೇ ಡಾಂಬರಿನಂತೆ ಕಪ್ಪಾಗಿ ಹೋದರೆ ಮಾತ್ರ ಅದೇ ದಿನ ದವಾಖಾನೆಗೆ ಹೋಗಬೇಕು.)

ನನ್ನ ತಕರಾರು ಇಷ್ಟೇ: ಇವುಗಳಲ್ಲಿ ಯಾವುದು ಎಂದು ಗೋಡೆಯ ಪೋಸ್ಟರ್ ಹೇಗೆ ಹೇಳುತ್ತದೆ? ಫೋನಿನಲ್ಲಿ ಪುಡಿ ಮಾರುವವನು ನೋಡುವುದೂ ಇಲ್ಲ, ಮುಟ್ಟುವುದೂ ಇಲ್ಲ. ವೈದ್ಯರು ಬೆರಳಿನಿಂದ ಪರೀಕ್ಷಿಸಲು ಒಂದು ನಿಮಿಷ ಸಾಕು. ಆ ಒಂದು ನಿಮಿಷದ ನಾಚಿಕೆಗೆ ಅಂಜಿ ನಾವು ಏಳು ತಿಂಗಳು ರಕ್ತ ಕಳೆದುಕೊಳ್ಳುತ್ತೇವೆ. ರಾತ್ರಿ ನಿದ್ದೆಯಿಂದ ಎದ್ದು ಹೋಗಬೇಕಾದರೆ, ತೂಕ ಇಳಿಯುತ್ತಿದ್ದರೆ, ರಕ್ತ ಮಲದಲ್ಲಿ ಕಲಸಿಕೊಂಡು ಬಂದರೆ ಸವದತ್ತಿಯ ಸರಕಾರಿ ಆಸ್ಪತ್ರೆಗಾದರೂ ಹೋಗಿ. ಹುಡುಗಿಯರು ಲೇಡಿ ಡಾಕ್ಟರ್ ಬೇಕು ಎಂದು ಕೇಳಬಹುದು, ಕೇಳುವುದು ತಪ್ಪಲ್ಲ.

ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಜೋಳದ ರೊಟ್ಟಿ, ಹೆಸರುಕಾಳು, ಮೆಂತ್ಯ ಪಲ್ಲೆ ತಿನ್ನುವ ಊರಿನವರಿಗೆ ಮಲಬದ್ಧತೆ ಯಾಕೆ ಬರಬೇಕು? ನಮ್ಮ ತರಗತಿಯ ಹುಡುಗಿಯರು ಬೆಳಿಗ್ಗೆ ಮನೆ ಬಿಟ್ಟರೆ ಸಂಜೆವರೆಗೆ ನೀರೇ ಕುಡಿಯುವುದಿಲ್ಲ. ಯಾಕೆಂದರೆ ಕಾಲೇಜಿನ ಶೌಚಾಲಯದ ಎರಡು ಬಾಗಿಲಿಗೆ ಚಿಲಕ ಇಲ್ಲ, ಮಧ್ಯಾಹ್ನದ ಮೇಲೆ ನೀರೂ ಇರುವುದಿಲ್ಲ. ಹುಡುಗರೂ ತಡೆದುಕೊಂಡೇ ಕೂರುತ್ತಾರೆ, ಹೇಳುವುದಿಲ್ಲ ಅಷ್ಟೇ. ವಾರ್ಷಿಕೋತ್ಸವದ ಪೆಂಡಾಲಿಗಿಂತ ಮೊದಲು ಆ ಎರಡು ಚಿಲಕ ಹಾಕಿಸಿ ಎಂದು ಪ್ರಿನ್ಸಿಪಾಲ್ ಸರ್ ಅವರಲ್ಲಿ ನನ್ನ ವಿನಂತಿ.

ಚಾಚಾನ ಮಗ ಈಗ ದಿನವೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಇದನ್ನು ಬರೆಯಲೇ ಎಂದು ಕೇಳಿದಾಗ “ಬರಿ, ಹೆಸರು ಮಾತ್ರ ಹಾಕಬ್ಯಾಡ” ಎಂದ.