ಕೈಗವಸಿನಷ್ಟೇ ಮುಖ್ಯ ಸಂಬಳಸಹಿತ ರಜೆ

ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಚಿಕ್ಕ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಾದರೋ ಅಶಕ್ತ ವೃದ್ಧರು ವರ್ಷಗಟ್ಟಲೆ ಉಳಿಯುವ ಶುಶ್ರೂಷಾಲಯ. 2020ರ ಫೆಬ್ರುವರಿ ಅಂತ್ಯದಲ್ಲಿ ವಾಷಿಂಗ್ಟನ್ ರಾಜ್ಯದ ಕಿರ್ಕ್‌ಲ್ಯಾಂಡ್‌ನಲ್ಲಿರುವ ಇಂಥದೊಂದು ಶುಶ್ರೂಷಾಲಯದಲ್ಲಿ ಕೋವಿಡ್ ಕಾಣಿಸಿಕೊಂಡಿತು. ಮಾರ್ಚ್ 9ರ ವೇಳೆಗೆ ಅದಕ್ಕೆ ಸಂಬಂಧಿಸಿದ 129 ಪ್ರಕರಣಗಳು ದಾಖಲಾಗಿದ್ದವು: 81 ನಿವಾಸಿಗಳು, 34 ಸಿಬ್ಬಂದಿ, 14 ಸಂದರ್ಶಕರು. 23 ಮಂದಿ ಅಸುನೀಗಿದ್ದರು.

ಆ ಸುತ್ತಿನ ಶುಶ್ರೂಷಾಲಯಗಳಲ್ಲಿ ಸೋಂಕು ಹಬ್ಬಲು ಕಾರಣವೇನೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಪರಿಶೀಲಿಸಿತು. ರಕ್ಷಣಾ ಸಾಧನಗಳ ಕೊರತೆ, ಅವುಗಳ ಬಳಕೆಯಲ್ಲಿ ಪರಿಚಯವಿಲ್ಲದಿರುವುದು, ರೋಗಲಕ್ಷಣಗಳಿದ್ದರೂ ಸಿಬ್ಬಂದಿ ಕೆಲಸಕ್ಕೆ ಬಂದದ್ದು, ಒಬ್ಬರೇ ಒಂದಕ್ಕಿಂತ ಹೆಚ್ಚು ಕಡೆ ದುಡಿದದ್ದು ಅದರ ಪಟ್ಟಿಯಲ್ಲಿದ್ದವು. ಮೊದಲನೆಯದಕ್ಕೆ ಖರೀದಿ, ಎರಡನೆಯದಕ್ಕೆ ತರಬೇತಿ ಪರಿಹಾರ. ಕೈಗವಸು ತೊಟ್ಟ ಮಾತ್ರಕ್ಕೆ ಕೈ ಶುದ್ಧವಾಗುವುದಿಲ್ಲ. ಅದೇ ಕೈಗವಸಿನಲ್ಲಿ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋದರೆ ಅದೇ ರೋಗವಾಹಕ.

ಕೊನೆಯ ಎರಡು ಕಾರಣಗಳು ಮಾತ್ರ ವೇತನಕ್ಕೆ ಸೇರಿದವು. ಇಂಗ್ಲೆಂಡಿನ ವೃದ್ಧರ ಆರೈಕೆ ಗೃಹಗಳನ್ನು ಕುರಿತ 2020ರ ‘ವಿವಾಲ್ಡಿ’ ಅಧ್ಯಯನದ ಪ್ರಕಾರ, ಅನಾರೋಗ್ಯದ ದಿನಗಳಿಗೂ ಸಂಬಳ ಕೊಡುವ ಗೃಹಗಳಲ್ಲಿ ನಿವಾಸಿಗಳಿಗೆ ಸೋಂಕು ತಗುಲಿದ್ದು ಕಡಿಮೆ. ಏಜೆನ್ಸಿ ಸಿಬ್ಬಂದಿಯನ್ನು ಮೇಲಿಂದ ಮೇಲೆ ಬಳಸುವಲ್ಲಿ ಹೆಚ್ಚು. ಇಷ್ಟರಿಂದಲೇ ಕಾರ್ಯಕಾರಣ ಸಂಬಂಧ ಸಿದ್ಧವಾಗದು, ನಿಜ. ಆದರೆ ಕಿರ್ಕ್‌ಲ್ಯಾಂಡ್‌ನ ಅನುಭವವೂ ಅದೇ ದಿಕ್ಕನ್ನು ತೋರುತ್ತದೆ.

ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ಪರಿಣಾಮ ಎನ್ನುತ್ತೇವೆ. ಜ್ವರ ಬಂದಾಗ ಮನೆಯಲ್ಲುಳಿದರೆ ದಿನದ ಸಂಬಳದ ನಷ್ಟ ಆರೈಕೆ ಮಾಡುವವಳದು. ಕೆಲಸಕ್ಕೆ ಬಂದರೆ ಪ್ರಾಣದ ನಷ್ಟ ನಿವಾಸಿಯದು. ಸಂಸ್ಥೆಯ ಲೆಕ್ಕಪುಸ್ತಕದಲ್ಲಿ ಇವೆರಡೂ ಖರ್ಚಾಗಿ ಕಾಣುವುದಿಲ್ಲ. ಇಂಥಲ್ಲಿ ಒಳ್ಳೆಯತನದ ಉಪದೇಶ ಸಾಲದು, ನಿಯಮ ಬೇಕು.

ನಮ್ಮಲ್ಲೂ ಮಕ್ಕಳು ಹೊರದೇಶಗಳಲ್ಲಿ ನೆಲೆಸಿ, ಹಣ ಕೊಟ್ಟು ಪಡೆಯುವ ವೃದ್ಧಾಶ್ರಮಗಳು ಬೆಂಗಳೂರಿನಂಥ ನಗರಗಳಲ್ಲಿ ತಲೆಯೆತ್ತಿವೆ. ಹಿರಿಯ ನಾಗರಿಕರ ಪಾಲನೆ ಕುರಿತ 2007ರ ಕೇಂದ್ರ ಕಾಯ್ದೆಯ 19ನೇ ಕಲಮು, ವೃದ್ಧಾಶ್ರಮಗಳ ನಿರ್ವಹಣೆಗೆ ವೈದ್ಯಕೀಯ ಆರೈಕೆಯ ಮಟ್ಟವೂ ಸೇರಿದ ಯೋಜನೆ ರೂಪಿಸುವ ಅಧಿಕಾರವನ್ನು ರಾಜ್ಯಗಳಿಗೆ ನೀಡಿದೆ. ಕಡತಗಳೊಡನೆ ಆಯುಷ್ಯ ಕಳೆದವನಾಗಿ ನನಗೆ ಗೊತ್ತಿರುವುದು ಇಷ್ಟು: ಮಾಸ್ಕುಗಳ ದಾಸ್ತಾನನ್ನು ಎಣಿಸುವುದು ತಪಾಸಕನಿಗೆ ಸುಲಭ. ಹಾಜರಿ ಪುಸ್ತಕವನ್ನೂ ಸಂಬಳದ ಪಟ್ಟಿಯನ್ನೂ ಜೊತೆಗಿಟ್ಟು, ಕಾಯಿಲೆಬಿದ್ದವಳಿಗೆ ಆ ದಿನದ ಹಣ ಸಂದಿದೆಯೇ ಎಂದು ನೋಡುವುದು ಅದಕ್ಕಿಂತ ಅಗತ್ಯ. ಆ ಅಂಶ ನಿಯಮಗಳಲ್ಲೇ ಸೇರಬೇಕು.