8 ದೊಡ್ಡದೋ, 8000 ದೊಡ್ಡದೋ?



ನಮ್ಮಪ್ಪ ಎಣ್ಣಿ ಹೊಡೆಯುವ ಪಂಪಿಗೆ ಬ್ಯಾಟರಿ ತರಲು ಗಂಗಾವತಿಗೆ ಹೋಗಿದ್ದರು. ಒಂದರ ಮೇಲೆ 8 ಎಎಚ್, ಇನ್ನೊಂದರ ಮೇಲೆ 8000 ಎಂಎಎಚ್. ಎರಡೂ 12 ವೋಲ್ಟಿನವು. ಅಂಗಡಿಯವರು "8000ದ್ದು ಭಾಳ ದೊಡ್ಡದು" ಅಂದರಂತ. ಅಪ್ಪ ಹೆಚ್ಚಿಗೆ ರೊಕ್ಕ ಕೊಟ್ಟು ಅದನ್ನೇ ತಂದರು.

'ಎಂ' ಅಂದರೆ ಮಿಲಿ, ಸಾವಿರದಲ್ಲಿ ಒಂದು ಪಾಲು. 8000 ಮಿಲಿ ಆಂಪಿಯರ್ ಗಂಟೆ ಅಂದರೂ 8 ಆಂಪಿಯರ್ ಗಂಟೆನ! ಅಕ್ಕನ ಹತ್ತನೇ ತರಗತಿ ಪುಸ್ತಕದಲ್ಲಿ ವಿದ್ಯುದಾವೇಶವನ್ನು ಕೂಲಂಬಿನಲ್ಲಿ ಅಳೆಯುತ್ತಾರೆ. ತಾಸಿಗೆ 3600 ಸೆಕೆಂಡು, ಹಂಗಾಗಿ ಎರಡು ಬ್ಯಾಟರಿಯೂ 28,800 ಕೂಲಂಬ್.

ಒಂದು ಕಿಲೋ ಜೋಳಕ್ಕೊಂದು, 1000 ಗ್ರಾಂ ಜೋಳಕ್ಕೊಂದು ರೇಟು ಹೇಳಿದರೆ ನಮ್ಮವ್ವ ಬಿಡ್ತಾಳೇನು? ಕಿಲೋ, ಗ್ರಾಂ ಪಾಠದ ಜೊತೆಗೇ ಬ್ಯಾಟರಿ ಲೆಕ್ಕವನ್ನೂ ನಮಗೆ ಹೇಳಿಕೊಡಬೇಕು ಎಂದು ನನ್ನ ಅಭಿಪ್ರಾಯ.

ಅಪ್ಪಗ ಇನ್ನೂ ಹೇಳಿಲ್ಲ.